ನೀವು ಕೇಳಿದಿರಿ: ಮನೆಯ ಡಿ.ವಿ.ಡಿ. ಪ್ಲೇಯರ್‌ನಲ್ಲಿ ನಮ್ಮ ವಿಡಿಯೊ ಓಡಬೇಕು

ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯದ ಸುತ್ತ ಇವೆ. ಫೋನಿನಲ್ಲಿ, ಪೆನ್‌ಡ್ರೈವ್‌ನಲ್ಲಿ ಇರುವ ವಿಡಿಯೊವನ್ನು ಮನೆಯ ಡಿ.ವಿ.ಡಿ. ಪ್ಲೇಯರ್‌ನಲ್ಲಿ ಓಡುವ ಹಾಗೆ ಮಾಡುವುದು ಹೇಗೆ? ಈ ಕಾಲದಲ್ಲಿ ಡಿಸ್ಕ್ ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ನೆಟ್‌ವರ್ಕ್ ಸರಿಯಾಗಿ ಸಿಗದ ತೋಟದ ಮನೆಗಳು ಮಲೆನಾಡಿನಲ್ಲಿ ಇನ್ನೂ ಇವೆ. ವಯಸ್ಸಾದ ಅಜ್ಜಿಗೆ ಫೋನಿನಲ್ಲಿ ಬೆರಳಾಡಿಸಿ ವಿಡಿಯೊ ಹುಡುಕುವುದು ಕಷ್ಟ. ಡಿಸ್ಕ್ ಹಾಕಿ ರಿಮೋಟ್‌ನ ಒಂದು ಬಟನ್ ಒತ್ತುವುದು ಅವರಿಗೆ ಗೊತ್ತು. ಆ ಒಂದು ಕಾರಣ ಸಾಕು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ.

ಉತ್ತರಗಳಿಗೆ ಮೊದಲು ಒಂದು ಮಾತು. ಡಿಸ್ಕ್ ಇರುವುದು ನೋಡುವುದಕ್ಕೆ, ಕಾಪಾಡಿ ಇಟ್ಟುಕೊಳ್ಳಬೇಕಾದ್ದು ಮೂಲ ಫೈಲನ್ನು. ಡಿಸ್ಕ್ ಮಾಡಿಸಿದ್ದಾಯಿತು ಅಂತ ಪೆನ್‌ಡ್ರೈವ್ ಖಾಲಿ ಮಾಡಬೇಡಿ.

ಪ್ರಶ್ನೆ: ಮಗಳ ಮದುವೆಯ ವಿಡಿಯೊವನ್ನು ಸ್ಟುಡಿಯೋದವರು ಪೆನ್‌ಡ್ರೈವ್‌ನಲ್ಲಿ ಕೊಟ್ಟರು. ಅದನ್ನು ಲ್ಯಾಪ್‌ಟಾಪ್‌ನಿಂದ ಹಾಗೇ ಡಿ.ವಿ.ಡಿ.ಗೆ ಹಾಕಿದೆ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತದೆ. ಊರಿನಲ್ಲಿ ಅಪ್ಪನ ಪ್ಲೇಯರ್‌ಗೆ ಹಾಕಿದರೆ ಡಿಸ್ಕ್ ಸರಿಯಿಲ್ಲ ಅಂತ ತೋರಿಸುತ್ತದೆ. ಡಿಸ್ಕ್ ಹಾಳಾಗಿದೆಯಾ? (ಓದುಗರೊಬ್ಬರು, ಸಕಲೇಶಪುರ)

ಡಿಸ್ಕ್ ಹಾಳಾಗಿಲ್ಲ. ನೀವು ಮಾಡಿದ್ದು ಡೇಟಾ ಡಿಸ್ಕ್, ಅಂದರೆ ಫೈಲನ್ನು ಇದ್ದ ಹಾಗೇ ಇಟ್ಟ ಡಿಸ್ಕ್. ಅಪ್ಪನ ಪ್ಲೇಯರ್ ಹುಡುಕುತ್ತಿರುವುದು ವಿಡಿಯೊ ಡಿ.ವಿ.ಡಿ. ಎರಡಕ್ಕೂ ಬಳಸುವ ಖಾಲಿ ಡಿಸ್ಕ್ ಒಂದೇ, ಆದರೆ ಒಳಗೆ ಬರೆಯುವ ರೀತಿ ಪೂರ್ತಿ ಬೇರೆ.

ಸ್ಟುಡಿಯೋದವರು ಕೊಟ್ಟದ್ದು ಬಹುಶಃ ಎಂಪಿ4 ಫೈಲ್. ಅದರೊಳಗಿನ ಚಿತ್ರ ಎಚ್.264 ಎಂಬ ರೀತಿಯಲ್ಲಿ ಒತ್ತಿ ಚಿಕ್ಕದು ಮಾಡಿದ್ದು. ಎಚ್.264 ಬಂದದ್ದೇ 2003ರಲ್ಲಿ. ಡಿ.ವಿ.ಡಿ. ಪ್ಲೇಯರ್‌ನ ನಿಯಮಗಳು ಅದಕ್ಕೂ ಮೊದಲೇ, 1990ರ ದಶಕದಲ್ಲೇ ಆಗಿಹೋಗಿದ್ದವು. ಆ ನಿಯಮದ ಪ್ರಕಾರ ಚಿತ್ರ ಎಂಪೆಗ್-2 ರೂಪದಲ್ಲಿ ಇರಬೇಕು. ನಮ್ಮ ದೇಶದ ಟಿ.ವಿ.ಗಳ ಪಾಲ್ ಪದ್ಧತಿಯಲ್ಲಿ ಅಳತೆ 720 x 576, ಸೆಕೆಂಡಿಗೆ 25 ಫ್ರೇಮ್. ಧ್ವನಿ ಡಾಲ್ಬಿಯ ಎಸಿ3, ಎಂಪಿ2 ಅಥವಾ ಪಿಸಿಎಂ ಆಗಿರಬೇಕು, ಅದೂ 48 ಕಿಲೋಹರ್ಟ್ಸ್‌ನಲ್ಲಿ. ಇದೆಲ್ಲ ವಿಡಿಯೊ_ಟಿಎಸ್ ಎಂಬ ಫೋಲ್ಡರ್‌ನಲ್ಲಿ ಗೊತ್ತಾದ ಹೆಸರಿನ ಫೈಲ್‌ಗಳಾಗಿ ಇರಬೇಕು. ಅದು ಕಾಣದೇ ಹೋದರೆ ಪ್ಲೇಯರ್ ಕೈ ಚೆಲ್ಲುತ್ತದೆ.

ಇಲ್ಲಿ ತುಂಬ ಜನ ಎಡವುವುದು ವಿಂಡೋಸ್ ಕೇಳುವ ಒಂದು ಪ್ರಶ್ನೆಯಲ್ಲಿ. ಖಾಲಿ ಡಿಸ್ಕ್ ಹಾಕಿದ ಕೂಡಲೇ, ಇದನ್ನು ಪೆನ್‌ಡ್ರೈವ್ ಥರ ಬಳಸುತ್ತೀರಾ ಅಥವಾ ಸಿ.ಡಿ., ಡಿ.ವಿ.ಡಿ. ಪ್ಲೇಯರ್‌ನಲ್ಲಿ ಬಳಸುತ್ತೀರಾ ಅಂತ ಅದು ಕೇಳುತ್ತದೆ. ಎರಡನೆಯದನ್ನು ಒತ್ತಿದರೆ ಕೆಲಸ ಆಯಿತು ಅಂತ ಅನ್ನಿಸುವುದು ಸಹಜ ಅಲ್ವಾ? ಆದರೆ ಅದೂ ಡೇಟಾ ಡಿಸ್ಕನ್ನೇ ಮಾಡುತ್ತದೆ, ವಿಡಿಯೊವನ್ನು ಬದಲಾಯಿಸುವುದೇ ಇಲ್ಲ. ವಿಸ್ಟಾ ಮತ್ತು ವಿಂಡೋಸ್ 7ರ ಹಲವು ಆವೃತ್ತಿಗಳಲ್ಲಿ ಡಿ.ವಿ.ಡಿ. ಮೇಕರ್ ಅಂತ ಒಂದು ಪ್ರೋಗ್ರಾಂ ಜೊತೆಯಲ್ಲೇ ಬರುತ್ತಿತ್ತು, ಅದು ನಿಜವಾದ ವಿಡಿಯೊ ಡಿಸ್ಕ್ ಮಾಡಿಕೊಡುತ್ತಿತ್ತು. ವಿಂಡೋಸ್ 8ರಿಂದ ಅದನ್ನು ತೆಗೆದುಬಿಟ್ಟರು.

ಈಗ ಮಾಡಬೇಕಾದ್ದು ಇಷ್ಟು. ಡಿವಿಡಿ ಸ್ಟೈಲರ್ ಅನ್ನುವ ಪ್ರೋಗ್ರಾಂ ಉಚಿತ, ಅದನ್ನು ಹಾಕಿಕೊಳ್ಳಿ. ಹೊಸ ಪ್ರಾಜೆಕ್ಟ್ ತೆರೆದಾಗ ಡಿಸ್ಕ್ 4.7 ಜಿ.ಬಿ., ಪದ್ಧತಿ ಪಾಲ್, ಧ್ವನಿ ಎಸಿ3 ಅಂತ ಆರಿಸಿ. ಟಿ.ವಿ. ಅಗಲವಾದದ್ದಾದರೆ 16:9, ಹಳೆಯ ಡಬ್ಬಿ ಟಿ.ವಿ. ಆದರೆ 4:3. ಎಂಪಿ4 ಫೈಲನ್ನು ಎಳೆದು ಒಳಗೆ ಬಿಡಿ. ಬರ್ನ್ ಒತ್ತಿದಾಗ ನೇರ ಡಿಸ್ಕ್‌ಗೆ ಬರೆಯುವ ಬದಲು ಐ.ಎಸ್.ಒ. ಇಮೇಜ್ (ಇಡೀ ಡಿಸ್ಕ್ ಒಂದೇ ಫೈಲಾಗಿ) ಮಾಡುವ ಆಯ್ಕೆ ತೆಗೆದುಕೊಳ್ಳಿ. ಕನ್ವರ್ಟ್ ಆಗುವುದಕ್ಕೆ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಬಿಟ್ಟು ಮಲಗಿ. ಬೆಳಿಗ್ಗೆ ಆ ಇಮೇಜನ್ನು ವಿ.ಎಲ್.ಸಿ. ಎಂಬ ವಿಡಿಯೊ ಪ್ರೋಗ್ರಾಂನಲ್ಲಿ ತೆರೆದು ನೋಡಿ. ಸರಿ ಇದ್ದರೆ ಡಿಸ್ಕ್ ಬರೆಯುವ ಪ್ರೋಗ್ರಾಂ ಆದ ಇಮ್ಗ್‌ಬರ್ನ್‌ನಿಂದ ಡಿಸ್ಕ್‌ಗೆ ಬರೆಯಿರಿ. ವಿಂಡೋಸ್ 10, 11ರಲ್ಲಾದರೆ ಆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿದರೂ ಡಿಸ್ಕ್‌ಗೆ ಬರೆಯುವ ಆಯ್ಕೆ ಸಿಗುತ್ತದೆ. ಇಮೇಜ್ ಇಟ್ಟುಕೊಂಡರೆ ಅತ್ತೆ ಮನೆಗೊಂದು, ಚಿಕ್ಕಮ್ಮನಿಗೊಂದು ಅಂತ ಎಷ್ಟು ಪ್ರತಿ ಬೇಕಾದರೂ ಮತ್ತೆ ಕನ್ವರ್ಟ್ ಮಾಡದೇ ತೆಗೆಯಬಹುದು.

ಸ್ಟುಡಿಯೋದವರಿಗೂ ಒಂದು ಮಾತು ಹೇಳುವುದಿದೆ. ಪೆನ್‌ಡ್ರೈವ್ ಕೊಡುವಾಗ, ಮನೆಯಲ್ಲಿ ಯಾವುದರಲ್ಲಿ ನೋಡುತ್ತೀರಿ ಅಂತ ಒಮ್ಮೆ ಕೇಳಿ. ಮದುವೆ ಮನೆಯವರಿಗೆ ಎಷ್ಟೋ ಅಲೆದಾಟ ತಪ್ಪುತ್ತದೆ.

ಪ್ರಶ್ನೆ: ಡಿಸ್ಕ್ ಕವರಿನ ಮೇಲೆ 4.7 ಜಿ.ಬಿ. ಅಂತ ಇದೆ, ಕಂಪ್ಯೂಟರ್ 4.38 ಅಂತ ತೋರಿಸುತ್ತದೆ. ಅಂಗಡಿಯಲ್ಲಿ ಮೋಸ ಹೋದೆನಾ? ಅದರಲ್ಲಿ ಎಷ್ಟು ಗಂಟೆ ಹಿಡಿಯುತ್ತದೆ? (ಓದುಗರೊಬ್ಬರು, ಕಡೂರು)

ಮೋಸ ಇಲ್ಲ. ಕಂಪೆನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಜಾಗ ಅಷ್ಟೇ.

ಎಷ್ಟು ಗಂಟೆ ಅನ್ನುವುದು ಮುಖ್ಯವಾದ ಪ್ರಶ್ನೆ. ನಿಮ್ಮ ಮೂಲ ಫೈಲ್ ಎಷ್ಟು ದೊಡ್ಡದು ಅನ್ನುವುದಕ್ಕೂ ಡಿಸ್ಕ್‌ಗೂ ಸಂಬಂಧವೇ ಇಲ್ಲ. ಎರಡು ಗಂಟೆಯ ಎಂಪಿ4 ಒಂದೇ ಜಿ.ಬಿ. ಇದ್ದರೂ ಎಂಪೆಗ್-2 ಆದಾಗ ಡಿಸ್ಕ್ ತುಂಬುತ್ತದೆ. ಅದೇ ಎರಡು ಗಂಟೆ 20 ಜಿ.ಬಿ. ಇದ್ದರೂ ಅದೇ ಡಿಸ್ಕ್‌ನಲ್ಲಿ ಕೂರುತ್ತದೆ. ಲೆಕ್ಕ ಹಾಕಬೇಕಾದ್ದು ಸಮಯದಿಂದ. ಒಂದು ಡಿಸ್ಕ್‌ನಲ್ಲಿ ಸುಮಾರು 37,600 ಮೆಗಾಬಿಟ್ ಇವೆ. ಇದನ್ನು ವಿಡಿಯೊದ ಒಟ್ಟು ಸೆಕೆಂಡುಗಳಿಂದ ಭಾಗಿಸಿ. ಎರಡು ಗಂಟೆ ಅಂದರೆ 7,200 ಸೆಕೆಂಡು, ಸೆಕೆಂಡಿಗೆ 5.2 ಮೆಗಾಬಿಟ್ ಬಂತು. ಧ್ವನಿಗೆ 0.2 ತೆಗೆದರೆ ಚಿತ್ರಕ್ಕೆ 5 ಉಳಿಯಿತು. ಮನೆಯ ವಿಡಿಯೊಗೆ ಇದು ಚೆನ್ನಾಗಿಯೇ ಇರುತ್ತದೆ.

ಮೂರು ಗಂಟೆ ತುರುಕಿದರೆ ಚಿತ್ರಕ್ಕೆ ಮೂರು ಚಿಲ್ಲರೆ ಮಾತ್ರ ಉಳಿಯುತ್ತದೆ. ಕುರ್ಚಿಯಲ್ಲಿ ಕೂತು ಮಾತಾಡುವ ದೃಶ್ಯಕ್ಕೆ ಅಷ್ಟು ಸಾಕು. ಧಾರೆಯ ಹೊತ್ತಿನಲ್ಲಿ ಎಲ್ಲರೂ ಒಟ್ಟಿಗೆ ಅಕ್ಷತೆ ಹಾಕುವಾಗ ಮಾತ್ರ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಹಾಗೆ ಮಾಡುವ ಬದಲು ಎರಡು ಡಿಸ್ಕ್ ಮಾಡಿ. ವಿಡಿಯೊ ಚಿಕ್ಕದಿದೆ ಅಂತ ಸೆಕೆಂಡಿಗೆ 9.8 ಮೆಗಾಬಿಟ್ ಅನ್ನುವ ಡಿ.ವಿ.ಡಿ.ಯ ಮಿತಿಯವರೆಗೂ ಏರಿಸಲು ಹೋಗಬೇಡಿ, ಬರ್ನ್ ಮಾಡಿದ ಡಿಸ್ಕನ್ನು ಅಷ್ಟು ವೇಗದಲ್ಲಿ ಓದಲು ಹಳೆಯ ಪ್ಲೇಯರ್‌ಗಳು ಒದ್ದಾಡುತ್ತವೆ. 8ಕ್ಕೆ ನಿಲ್ಲಿಸಿ.

ಪ್ರಶ್ನೆ: ಸರಿಯಾದ ವಿಡಿಯೊ ಡಿ.ವಿ.ಡಿ.ಯನ್ನೇ ಮಾಡಿದ್ದೇನೆ. ಮುಕ್ಕಾಲು ಭಾಗ ಚೆನ್ನಾಗಿ ಓಡಿ ಕೊನೆಯಲ್ಲಿ ನಿಂತು ನಿಂತು ಹೋಗುತ್ತದೆ. (ಓದುಗರೊಬ್ಬರು, ಹಾಸನ)

ಡಿಸ್ಕ್‌ನಲ್ಲಿ ಬರೆಯುವುದು ಒಳಗಿನಿಂದ ಹೊರಗೆ. ಕೊನೆಯ ಭಾಗ ಅಂದರೆ ಹೊರ ಅಂಚು. ಬರವಣಿಗೆ ಹದಗೆಡುವುದು, ಗೀರು ಬೀಳುವುದು, ಕೈಬೆರಳ ಜಿಡ್ಡು ಅಂಟುವುದು ಎಲ್ಲ ಅಲ್ಲೇ ಜಾಸ್ತಿ. ಹಾಗಾಗಿ ಡಿಸ್ಕನ್ನು ಕಂಠಪೂರ್ತಿ ತುಂಬಬೇಡಿ, ಸ್ವಲ್ಪ ಜಾಗ ಬಿಡಿ.

ವೇಗವನ್ನೂ ನೋಡಿಕೊಳ್ಳಿ. ಕವರ್ ಮೇಲೆ 16 ಎಕ್ಸ್ ಅಂತ ಇದ್ದರೆ 8 ಎಕ್ಸ್‌ನಲ್ಲಿ ಬರೆಯಿರಿ. ತುಂಬಿದ ಡಿಸ್ಕ್‌ಗೆ ಹತ್ತು ನಿಮಿಷದ ಆಸುಪಾಸು ಹಿಡಿಯುತ್ತದೆ, ಕಾಯಬಹುದು. ಬರೆದ ಮೇಲೆ ವೆರಿಫೈ ಮಾಡುವ, ಅಂದರೆ ಬರೆದದ್ದು ಸರಿ ಇದೆಯಾ ಅಂತ ಓದಿ ನೋಡುವ, ಆಯ್ಕೆಯನ್ನು ತಪ್ಪದೇ ಹಾಕಿ. ಡಿಸ್ಕ್ ಫೈನಲೈಸ್ ಆಗಿರಲೇಬೇಕು (ಬರವಣಿಗೆಯನ್ನು ಪೂರ್ತಿ ಮುಗಿಸಿ ಮುಚ್ಚಿರಬೇಕು), ಆಗದಿದ್ದರೆ ಬರೆದ ಕಂಪ್ಯೂಟರ್‌ನಲ್ಲಿ ಮಾತ್ರ ಓಡಿ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಮಳೆಗಾಲದಲ್ಲಿ ಡೆಸ್ಕ್‌ಟಾಪ್ ಬಳಸುವವರು ಯು.ಪಿ.ಎಸ್. ಇಲ್ಲದೆ ಬರ್ನ್ ಮಾಡಬೇಡಿ. ಮಧ್ಯದಲ್ಲಿ ಕರೆಂಟ್ ಹೋದರೆ ಆ ಡಿಸ್ಕ್ ಎಸೆಯಬೇಕಾಗುತ್ತದೆ.

ಪ್ಲೇಯರ್ ತುಂಬ ಹಳೆಯದಾದರೆ ಡಿ.ವಿ.ಡಿ. ಮೈನಸ್ ಆರ್ ತನ್ನಿ, ಹಳೆಯವು ಸಾಮಾನ್ಯವಾಗಿ ಅದನ್ನೇ ಚೆನ್ನಾಗಿ ಓದುತ್ತವೆ. ಪ್ಲಸ್ ಆರ್ ಮಾತ್ರ ಸಿಕ್ಕಿದರೆ ಇಮ್ಗ್‌ಬರ್ನ್‌ನಲ್ಲಿ ಬುಕ್ ಟೈಪ್ ಅನ್ನುವ ಸೆಟ್ಟಿಂಗ್ ಇದೆ. ರೈಟರ್ ಒಪ್ಪಿದರೆ ಅದನ್ನು ಡಿ.ವಿ.ಡಿ. ರಾಮ್ (DVD-ROM) ಅಂತ ಇಡಿ, ಆಗ ಪ್ಲೇಯರ್ ಅದನ್ನು ಅಂಗಡಿಯಿಂದ ತಂದ ಡಿಸ್ಕ್ ಎಂದೇ ತಿಳಿಯುತ್ತದೆ. ಅಳಿಸಿ ಬರೆಯುವ ಆರ್.ಡಬ್ಲ್ಯೂ. ಡಿಸ್ಕ್ ಈ ಕೆಲಸಕ್ಕೆ ಬೇಡ. ಅದು ಲೇಸರ್ ಬೆಳಕನ್ನು ಹಿಂದಕ್ಕೆ ಕೊಡುವುದು ಬಹಳ ಕಡಿಮೆ, ಹಳೆಯ ಪ್ಲೇಯರ್‌ಗೆ ಕಾಣಿಸುವುದೇ ಇಲ್ಲ.

ಇನ್ನೊಂದು, ದಂಪತಿಯ ಫೋಟೋ ಇರುವ ಸ್ಟಿಕ್ಕರ್ ಅಂಟಿಸಿದ್ದರೆ ಅದೂ ಕಾರಣ ಇರಬಹುದು. ಸ್ಟಿಕ್ಕರ್ ಒಂದು ಕಡೆ ಸ್ವಲ್ಪ ಜಾಸ್ತಿ ತೂಕವಾದರೂ ಡಿಸ್ಕ್ ತಿರುಗುವಾಗ ಅಲುಗಾಡುತ್ತದೆ.

ಪ್ರಶ್ನೆ: ನಮ್ಮ ಪ್ಲೇಯರ್‌ಗೆ ಯು.ಎಸ್.ಬಿ. ಇದೆ. ಪೆನ್‌ಡ್ರೈವ್ ಹಾಕಿದರೆ ಕೆಲವು ಸಲ ಗುರುತಿಸುವುದಿಲ್ಲ, ಗುರುತಿಸಿದರೂ ಧ್ವನಿ ಮಾತ್ರ ಬರುತ್ತದೆ. (ಓದುಗರೊಬ್ಬರು, ಮೂಡಿಗೆರೆ)

ಎರಡು ಬೇರೆ ಬೇರೆ ತೊಂದರೆಗಳು. ಗುರುತಿಸದೇ ಇರುವುದಕ್ಕೆ ಕಾರಣ ಪೆನ್‌ಡ್ರೈವ್‌ನ ಫಾರ್ಮ್ಯಾಟ್. ಈ ಪ್ಲೇಯರ್‌ಗಳಿಗೆ ಬೇಕಾದ್ದು ಫ್ಯಾಟ್32. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಆದರೆ ಹೆಚ್ಚಿನವಕ್ಕೆ ಗೊತ್ತಾಗುವುದಿಲ್ಲ. 32 ಜಿ.ಬಿ. ಅಥವಾ ಅದಕ್ಕಿಂತ ಚಿಕ್ಕ ಪೆನ್‌ಡ್ರೈವ್ ತೆಗೆದುಕೊಂಡರೆ ವಿಂಡೋಸ್‌ನಲ್ಲೇ ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಬಹುದು. ಒಳಗಿರುವುದನ್ನು ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಫಾರ್ಮ್ಯಾಟ್ ಮಾಡಿದರೆ ಎಲ್ಲ ಹೋಗುತ್ತದೆ. ಫ್ಯಾಟ್32ರಲ್ಲಿ 4 ಜಿ.ಬಿ.ಗಿಂತ ದೊಡ್ಡ ಫೈಲ್ ಕೂರುವುದಿಲ್ಲ ಅನ್ನುವುದೂ ನೆನಪಿರಲಿ.

ಧ್ವನಿ ಮಾತ್ರ ಬರುವುದು ಚಿತ್ರವನ್ನು ಒತ್ತಿ ಚಿಕ್ಕದು ಮಾಡಿದ ರೀತಿಯಿಂದ, ಅಂದರೆ ಕೋಡೆಕ್‌ನಿಂದ. ಪ್ಲೇಯರ್‌ನ ಮುಂಭಾಗದಲ್ಲಿ ಡಿವ್ಎಕ್ಸ್ ಅಂತ ಗುರುತು ಇದೆಯಾ ನೋಡಿ. ಇದ್ದರೆ ಅದು ಎವಿಐ ಫೈಲ್ ಓಡಿಸುತ್ತದೆ, ಆದರೆ ಒಳಗಿನ ಚಿತ್ರ ಎಕ್ಸ್‌ವಿಡ್ ಅಥವಾ ಡಿವ್ಎಕ್ಸ್ ಆಗಿರಬೇಕು, ಅಳತೆ 720 x 576 ಮೀರಬಾರದು, ಧ್ವನಿ ಎಂಪಿ3 ಆಗಿದ್ದರೆ ಒಳ್ಳೆಯದು. ಫೋನಿನ ಫೈಲಿನ ಹೆಸರನ್ನು ಸುಮ್ನೆ ಎವಿಐ ಅಂತ ಬದಲಾಯಿಸಿದರೆ ಏನೂ ಆಗುವುದಿಲ್ಲ, ಒಳಗಿನದು ಬದಲಾಗಬೇಕು. ಅವಿಡೆಮಕ್ಸ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಇದು ಆಗುತ್ತದೆ. ಎಷ್ಟೋ ಜನ ಹ್ಯಾಂಡ್‌ಬ್ರೇಕ್ ಹಾಕಿಕೊಂಡು ಹುಡುಕುತ್ತಾರೆ. ಹ್ಯಾಂಡ್‌ಬ್ರೇಕ್ ಒಳ್ಳೆಯ ಪ್ರೋಗ್ರಾಂ, ಆದರೆ ಈಗ ಅದು ಎವಿಐ ಮಾಡುವುದಿಲ್ಲ, ವಿಡಿಯೊ ಡಿ.ವಿ.ಡಿ.ಯನ್ನೂ ಮಾಡುವುದಿಲ್ಲ.

ಪ್ಲೇಯರ್‌ನಲ್ಲಿ ಯು.ಎಸ್.ಬಿ. ಸರಿಯಾಗಿ ಓಡಿದರೆ ನನ್ನ ಸಲಹೆ ಇದೇ ದಾರಿ. ಡಿಸ್ಕ್‌ನ ಗೋಜೇ ಬೇಡ.

ಪ್ರಶ್ನೆ: ನಮ್ಮೂರಿನಲ್ಲಿ ನಡೆದ ಯಕ್ಷಗಾನವನ್ನು ರಾತ್ರಿ ಪೂರ್ತಿ ರೆಕಾರ್ಡ್ ಮಾಡಿದ್ದೇವೆ, ಎಂಟು ಗಂಟೆ ಇದೆ. ಆಟಕ್ಕೆ ಬರಲಾಗದ ಹಿರಿಯರಿಗೆ ಡಿಸ್ಕ್ ಮಾಡಿ ಕೊಡಬೇಕು. ಎಷ್ಟು ಡಿಸ್ಕ್ ಬೇಕು? (ಓದುಗರೊಬ್ಬರು, ಕೊಪ್ಪ)

ಒಳ್ಳೆಯ ಕೆಲಸ ಮಾಡುತ್ತಿದ್ದೀರಿ, ಇದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೇಲಿನ ಲೆಕ್ಕದಂತೆ ಎರಡು ಗಂಟೆಗೆ ಒಂದು ಡಿಸ್ಕ್, ಎಂಟು ಗಂಟೆಗೆ ನಾಲ್ಕು. ನನ್ನ ಆಯ್ಕೆ ಇದೇ. ಡಿಸ್ಕ್ ಉಳಿಸಲೇಬೇಕು ಅಂದರೆ ಇನ್ನೊಂದು ದಾರಿ ಇದೆ. ಡಿ.ವಿ.ಡಿ. ನಿಯಮದಲ್ಲಿ 352 x 576 ಅಂತ ಅರ್ಧ ಅಗಲದ ಅಳತೆಗೂ ಅವಕಾಶ ಇದೆ. ಅದರಲ್ಲಿ ಸೆಕೆಂಡಿಗೆ ಎರಡೂವರೆ ಮೆಗಾಬಿಟ್ ಕೊಟ್ಟರೂ ಚಿತ್ರ ಒಡೆಯದೇ ನಿಲ್ಲುತ್ತದೆ, ಸ್ವಲ್ಪ ಮೆತ್ತಗೆ ಕಾಣುತ್ತದೆ ಅಷ್ಟೇ. ಆಗ ಒಂದು ಡಿಸ್ಕ್‌ನಲ್ಲಿ ಮೂರು ಮುಕ್ಕಾಲು ಗಂಟೆ ಹಿಡಿಯುತ್ತದೆ. ಹಳೆಯ ಡಬ್ಬಿ ಟಿ.ವಿ.ಯಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. 8.5 ಜಿ.ಬಿ.ಯ ಎರಡು ಪದರದ ಡಿಸ್ಕ್ ಬೇಡ, ಹಳೆಯ ಪ್ಲೇಯರ್‌ಗಳು ಪದರ ಬದಲಾಗುವ ಜಾಗದಲ್ಲಿ ನಿಂತುಬಿಡುತ್ತವೆ.

ಆದರೆ ವಿಷಯ ಬರೀ ಗಂಟೆಯ ಲೆಕ್ಕದಲ್ಲಿ ಮುಗಿಯುವುದಿಲ್ಲ. ರಾತ್ರಿ ಕಡಿಮೆ ಬೆಳಕಿನಲ್ಲಿ ತೆಗೆದ ವಿಡಿಯೊದಲ್ಲಿ ಕಪ್ಪು ಭಾಗವೆಲ್ಲ ಮಿಣಮಿಣ ಅನ್ನುತ್ತಿರುತ್ತದೆ. ಕಂಪ್ಯೂಟರ್‌ಗೆ ಅದೂ ಚಲನೆಯೇ. ವೇಷದ ಮುಖಕ್ಕೆ ಹೋಗಬೇಕಾದ ಬಿಟ್‌ಗಳು ಆ ಮಿಣುಕಿಗೆ ಖರ್ಚಾಗುತ್ತವೆ. ಕನ್ವರ್ಟ್ ಮಾಡುವ ಮೊದಲು ಈ ಮಿಣುಕನ್ನು ತಗ್ಗಿಸುವ ಡಿನಾಯ್ಸ್ ಫಿಲ್ಟರನ್ನು ಹಗುರವಾಗಿ ಹಾಕಿ. ಜಾಸ್ತಿ ಹಾಕಿದರೆ ಮುಖವರ್ಣಿಕೆಯ ಸಣ್ಣ ಗೆರೆಗಳು ಅಳಿಸಿಹೋಗುತ್ತವೆ, ನೋಡಿಕೊಂಡು ಮಾಡಿ. ಎರಡು ಸುತ್ತಿನ, ಅಂದರೆ ಟೂ ಪಾಸ್ ಎನ್‌ಕೋಡಿಂಗ್ ಇರುವ ಪ್ರೋಗ್ರಾಂ ಆದರೆ ಅದನ್ನೇ ಆರಿಸಿ. ಭಾಗವತರು ಕೂತು ಹಾಡುವಾಗ ಉಳಿಸಿದ ಬಿಟ್‌ಗಳನ್ನು ಯುದ್ಧದ ಕುಣಿತಕ್ಕೆ ಬಳಸಿಕೊಳ್ಳುವುದು ಅದಕ್ಕೆ ಗೊತ್ತು.

ಧ್ವನಿಯಲ್ಲಿ ಜಿಪುಣತನ ಬೇಡ. ಚಂಡೆ, ಮದ್ದಳೆ, ಚಕ್ರತಾಳ ಒಟ್ಟಿಗೆ ಬರುವಾಗ ಕಡಿಮೆ ಬಿಟ್‌ನಲ್ಲಿ ಎಲ್ಲ ಕಲಸಿಹೋಗುತ್ತದೆ. ಹಿರಿಯರು ಎಷ್ಟೋ ಹೊತ್ತು ಕಣ್ಣು ಮುಚ್ಚಿ ಕೇಳುತ್ತಾರೆ ಅಲ್ವಾ? ಎಸಿ3ರಲ್ಲಿ 224 ಕಿಲೋಬಿಟ್ ಇಡಿ.

ಡಿಸ್ಕನ್ನು ಗಡಿಯಾರ ನೋಡಿ ಕತ್ತರಿಸಬೇಡಿ. ಪದ್ಯದ ಮಧ್ಯದಲ್ಲಿ ಡಿಸ್ಕ್ ಮುಗಿದರೆ ನೋಡುವವರಿಗೆ ಬೇಜಾರು. ಒಂದು ಪ್ರಸಂಗ ಮುಗಿಯುವಲ್ಲಿ, ಇಲ್ಲವೇ ಒಂದು ಸನ್ನಿವೇಶ ಮುಗಿದು ರಂಗ ಖಾಲಿಯಾಗುವಲ್ಲಿ ಮುರಿಯಿರಿ. ಒಂದು ಡಿಸ್ಕ್ ಒಂದೂಮುಕ್ಕಾಲು ಗಂಟೆ, ಇನ್ನೊಂದು ಎರಡು ಗಂಟೆ ಹತ್ತು ನಿಮಿಷ ಆದರೂ ಪರವಾಗಿಲ್ಲ. ಪ್ರತಿ ಒಡ್ಡೋಲಗಕ್ಕೂ ಒಂದು ಚಾಪ್ಟರ್ ಗುರುತು ಹಾಕಿ. ರಿಮೋಟ್‌ನ ನೆಕ್ಸ್ಟ್ ಬಟನ್ ಒತ್ತಿದರೆ ತಮಗೆ ಇಷ್ಟವಾದ ವೇಷದ ಪ್ರವೇಶಕ್ಕೆ ನೇರ ಹೋಗಬಹುದು.

ಕೊಡುವ ಮೊದಲು ಮೇಳದವರಿಗೆ ಒಂದು ಮಾತು ಹೇಳಿ ಒಪ್ಪಿಗೆ ಪಡೆಯಿರಿ. ಅವರ ಕಲೆ, ಅವರ ಹಕ್ಕು. ಒಂದು ಪ್ರತಿಯನ್ನು ಅವರಿಗೂ ಕೊಡಿ.

ಪ್ರಶ್ನೆ: ಶ್ರವಣಬೆಳಗೊಳದ 2006ರ ಮಹಾಮಸ್ತಕಾಭಿಷೇಕವನ್ನು ನಮ್ಮ ತಂದೆ ಹ್ಯಾಂಡಿಕ್ಯಾಮ್‌ನಲ್ಲಿ ತೆಗೆದಿದ್ದರು. ಮಿನಿ ಡಿ.ವಿ. ಟೇಪ್‌ಗಳು ಹಾಗೇ ಇವೆ. 2018ರದ್ದು ಫೋನಿನಲ್ಲಿದೆ. ಎರಡನ್ನೂ ಒಂದೇ ಡಿಸ್ಕ್‌ಗೆ ಹಾಕಬಹುದಾ? (ಓದುಗರೊಬ್ಬರು, ಚನ್ನರಾಯಪಟ್ಟಣ)

ಹಾಕಬಹುದು. ಆದರೆ ಡಿಸ್ಕ್ ಯೋಚನೆ ಆಮೇಲೆ, ಮೊದಲು ಟೇಪನ್ನು ಕಂಪ್ಯೂಟರ್‌ಗೆ ಇಳಿಸಿ. ಟೇಪ್ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ, ಅದನ್ನು ಓಡಿಸುವ ಕ್ಯಾಮೆರಾಗಳು ಅದಕ್ಕಿಂತ ಬೇಗ ಕೆಡುತ್ತಿವೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಅಭಿಷೇಕ ಅದು. ತಂದೆಯವರು ನಿಂತ ಜಾಗದಿಂದ ಕಂಡ ಆ ನೋಟ ಬೇರೆ ಯಾರ ಹತ್ತಿರವೂ ಇಲ್ಲ.

ಇಳಿಸುವುದಕ್ಕೆ ಫೈರ್‌ವೈರ್ ಕೇಬಲ್ ಬೇಕು. ಸೋನಿ ಕ್ಯಾಮೆರಾದಲ್ಲಿ ಅದನ್ನು ಐ-ಲಿಂಕ್ ಅಂತ ಬರೆದಿರುತ್ತಾರೆ. ಹಲವು ಕ್ಯಾಮೆರಾಗಳ ಯು.ಎಸ್.ಬಿ.ಯಲ್ಲಿ ಚಿಕ್ಕ ಮಸುಕು ಚಿತ್ರ ಮಾತ್ರ ಬರುತ್ತದೆ, ಅದಕ್ಕೆ ಸಮಾಧಾನ ಪಡಬೇಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಫೈರ್‌ವೈರ್ ಇರುವುದಿಲ್ಲ. ಅದಿರುವ ಹಳೆಯ ಕಂಪ್ಯೂಟರನ್ನು ಯಾರಾದರೂ ಇಟ್ಟುಕೊಂಡಿದ್ದಾರಾ ಅಂತ ಹಾಸನದ ಹಳೆಯ ಸ್ಟುಡಿಯೋಗಳಲ್ಲಿ ವಿಚಾರಿಸಿ ನೋಡಿ. ಅವರಿಗೆ ಟೇಪ್ ಕೊಡುವಾಗ, ಡಿಸ್ಕ್ ಮಾತ್ರ ಅಲ್ಲ, ಡಿ.ವಿ. ಫೈಲನ್ನೇ ಹಾರ್ಡ್ ಡಿಸ್ಕ್‌ಗೆ ಹಾಕಿ ಕೊಡಿ ಅಂತ ಒತ್ತಿ ಹೇಳಿ. ಒಂದು ಗಂಟೆಗೆ ಸುಮಾರು 13 ಜಿ.ಬಿ. ಆಗುತ್ತದೆ, ಅಷ್ಟು ದೊಡ್ಡದಾಗಿ ಇರುವುದೇ ಸರಿ. ಟೇಪ್ ಹಾಕುವ ಮೊದಲು ಅದರ ಅಂಚಿನಲ್ಲಿ ಬಿಳಿ ಬೂಸ್ಟು ಕಾಣುತ್ತದಾ ನೋಡಿ. ಕಂಡರೆ ಓಡಿಸಲೇಬೇಡಿ, ಹೆಡ್ ಹಾಳಾಗುತ್ತದೆ, ಟೇಪೂ ಹರಿಯಬಹುದು. ತಿಳಿದವರಿಂದ ಒರೆಸಿಸಿ.

ಡಿಸ್ಕ್ ಮಾಡುವಾಗ ಗಮನಿಸಬೇಕಾದ್ದು ಒಂದು. ಹ್ಯಾಂಡಿಕ್ಯಾಮ್ ವಿಡಿಯೊ ಇಂಟರ್‌ಲೇಸ್ ಆಗಿರುತ್ತದೆ, ಒಂದೊಂದು ಫ್ರೇಮೂ ಎರಡು ಫೀಲ್ಡ್‌ಗಳಿಂದ ಆದದ್ದು. ಡಿ.ವಿ. ಟೇಪ್‌ನಲ್ಲಿ ಕೆಳಗಿನ ಫೀಲ್ಡ್ ಮೊದಲು ಬರುತ್ತದೆ. ಡಿ.ವಿ.ಡಿ. ಪ್ರೋಗ್ರಾಂಗಳು ಹೆಚ್ಚಾಗಿ ಮೇಲಿನದು ಮೊದಲು ಅಂತ ತಿಳಿದು ಕೆಲಸ ಮಾಡುತ್ತವೆ. ಇದು ತಿರುಗಾಮುರುಗಾ ಆದರೆ ಕಂಪ್ಯೂಟರ್‌ನಲ್ಲಿ ಏನೂ ಗೊತ್ತಾಗದೆ, ಟಿ.ವಿ.ಯಲ್ಲಿ ಹಾಲು ಸುರಿಯುವ ದೃಶ್ಯವೆಲ್ಲ ನಡುಗುತ್ತದೆ. ಸೆಟ್ಟಿಂಗ್‌ನಲ್ಲಿ ಬಾಟಮ್ ಫೀಲ್ಡ್ ಫಸ್ಟ್ ಅಂತ ಆರಿಸಿ. ಟಿ.ವಿ.ಯಲ್ಲಿ ನೋಡುವ ಡಿಸ್ಕ್‌ಗೆ ಇಂಟರ್‌ಲೇಸ್ ತೆಗೆಯುವ ಅಗತ್ಯವೇ ಇಲ್ಲ, ಹಾಗೇ ಬಿಡಿ. ಫೋನಿಗೆ ಬೇಕಾದರೆ ಮಾತ್ರ ಡಿಇಂಟರ್‌ಲೇಸ್ ಮಾಡಿ.

ಹಳೆಯದು ಸಾಮಾನ್ಯವಾಗಿ 4:3, ಫೋನಿನದು 16:9. ಒಂದನ್ನು ಎಳೆದು ಇನ್ನೊಂದರ ಆಕಾರಕ್ಕೆ ತಂದರೆ ಬಾಹುಬಲಿ ದಪ್ಪಗೆ ಕಾಣುತ್ತಾನೆ. ಹಾಗಾಗದಂತೆ ಅಕ್ಕಪಕ್ಕ ಕಪ್ಪು ಪಟ್ಟಿ ಬಿಟ್ಟುಕೊಳ್ಳಿ.

ಪ್ರಶ್ನೆ: ಡಿಸ್ಕ್‌ನಲ್ಲಿ ಮಾತು ಮೊದಲು ಸರಿ ಇದ್ದು, ಹೋಗ್ತಾ ಹೋಗ್ತಾ ತುಟಿಗೂ ಮಾತಿಗೂ ಹೊಂದುವುದಿಲ್ಲ. (ಓದುಗರೊಬ್ಬರು, ತರೀಕೆರೆ)

ಫೋನಿನ ವಿಡಿಯೊ ಅಲ್ವಾ? ಫೋನುಗಳು ಬೆಳಕು ನೋಡಿಕೊಂಡು ಸೆಕೆಂಡಿಗೆ ಒಮ್ಮೆ 30, ಒಮ್ಮೆ 27 ಫ್ರೇಮ್ ಅಂತ ಬದಲಾಯಿಸುತ್ತಾ ತೆಗೆಯುತ್ತವೆ. ಡಿ.ವಿ.ಡಿ.ಗೆ ಒಂದೇ ಸಮ ಇರಬೇಕು. ಮೊದಲು ಹ್ಯಾಂಡ್‌ಬ್ರೇಕ್‌ನಲ್ಲಿ ಕಾನ್ಸ್‌ಟೆಂಟ್ ಫ್ರೇಮ್‌ರೇಟ್ ಅಂತ ಆರಿಸಿ ಒಂದು ಹೊಸ ಎಂಪಿ4 ಮಾಡಿ, ಆಮೇಲೆ ಅದನ್ನು ಡಿವಿಡಿ ಸ್ಟೈಲರ್‌ಗೆ ಹಾಕಿ. ಓಡುವ, ಕುಣಿಯುವ ದೃಶ್ಯ ಎಳೆದೆಳೆದು ಬಂದರೆ ಪಾಲ್ ಬದಲು ಅಮೆರಿಕದ ಪದ್ಧತಿಯಾದ ಎನ್‌ಟಿಎಸ್‌ಸಿ ಡಿಸ್ಕ್ ಮಾಡಿ ನೋಡಿ. ಅದು ಸೆಕೆಂಡಿಗೆ 29.97 ಫ್ರೇಮ್, ಫೋನಿನ 30ಕ್ಕೆ ಹತ್ತಿರ. ಇಲ್ಲಿನ ಹೆಚ್ಚಿನ ಪ್ಲೇಯರ್‌ಗಳು ಎರಡನ್ನೂ ಓಡಿಸುತ್ತವೆ.

ಪ್ರಶ್ನೆ: ಅಮ್ಮನಿಗೆ ಕಿವಿ ಮಂದ. ವಿಡಿಯೊ ಕೆಳಗೆ ಕನ್ನಡದಲ್ಲಿ ಸಾಲುಗಳು ಬರುವಂತೆ ಮಾಡಿದೆ. ಪೆನ್‌ಡ್ರೈವ್‌ನಿಂದ ಓಡಿಸಿದರೆ ಪ್ಲೇಯರ್ ಬರೀ ಚೌಕಗಳನ್ನು ತೋರಿಸುತ್ತದೆ. (ಓದುಗರೊಬ್ಬರು, ಆಲೂರು)

ಪ್ಲೇಯರ್‌ನೊಳಗೆ ಕನ್ನಡ ಅಕ್ಷರಗಳೇ ಇಲ್ಲ, ಅದಕ್ಕೆ. ಡಿ.ವಿ.ಡಿ.ಯಲ್ಲಿ ಈ ತೊಂದರೆ ಇಲ್ಲ. ಅಲ್ಲಿ ಸಬ್‌ಟೈಟಲ್ ಅಕ್ಷರವಾಗಿ ಅಲ್ಲ, ಚಿತ್ರವಾಗಿ ಕೂರುತ್ತದೆ. ಆದರೆ ಚಿತ್ರ ಮಾಡುವ ಪ್ರೋಗ್ರಾಂ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿದೆಯಾ ಅಂತ ಒಂದು ಸಲ ಓದಿ ನೋಡಬೇಕು. ಇನ್ನೂ ಭದ್ರವಾದ ದಾರಿ ಅಂದರೆ ವಿಡಿಯೊ ಎಡಿಟರ್‌ನಲ್ಲೇ ಸಾಲುಗಳನ್ನು ಚಿತ್ರದ ಮೇಲೆ ಬರೆದುಬಿಡುವುದು. ಅಕ್ಷರ ದೊಡ್ಡದಿರಲಿ, ಬಿಳಿಗೆ ಕಪ್ಪು ಅಂಚು ಕೊಡಿ. ಒಂದು ಸಲಕ್ಕೆ ಎರಡು ಸಾಲಿಗಿಂತ ಜಾಸ್ತಿ ಬೇಡ. ತೀರಾ ಕೆಳಗೆ ಇಡಬೇಡಿ, ಹಳೆಯ ಟಿ.ವಿ.ಗಳು ಚಿತ್ರದ ಅಂಚನ್ನು ನುಂಗಿಬಿಡುತ್ತವೆ. ಅಮ್ಮನಿಗೆ ಓದಲು ಸಮಯ ಸಿಗುವಂತೆ ಪ್ರತಿ ಸಾಲನ್ನೂ ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ನಿಲ್ಲಿಸಿ.

ಪ್ರಶ್ನೆ: ಅಮೆರಿಕದಿಂದ ತಮ್ಮ ತಂದ ಡಿಸ್ಕ್ ನಮ್ಮ ಪ್ಲೇಯರ್‌ನಲ್ಲಿ ಓಡುವುದಿಲ್ಲ. ನಾವು ಇಲ್ಲಿ ಮಾಡಿದ್ದು ಅವನಲ್ಲಿ ಓಡುತ್ತದಾ? (ಓದುಗರೊಬ್ಬರು, ಅರಸೀಕೆರೆ)

ಅಂಗಡಿಯಲ್ಲಿ ಕೊಂಡ ಚಲನಚಿತ್ರದ ಡಿಸ್ಕ್ ಆದರೆ ಅದಕ್ಕೆ ಪ್ರದೇಶದ ಬೀಗ ಇರುತ್ತದೆ. ಅಮೆರಿಕ 1, ನಮ್ಮದು 5. ಮನೆಯಲ್ಲಿ ಮಾಡಿದ ಡಿಸ್ಕ್‌ಗೆ ಆ ಬೀಗ ಇರುವುದಿಲ್ಲ, ಆದರೆ ಅಲ್ಲಿನ ಹಲವು ಪ್ಲೇಯರ್‌ಗಳು ಪಾಲ್ ಓಡಿಸುವುದಿಲ್ಲ. ತಮ್ಮನಿಗೆ ಕಳಿಸುವುದನ್ನು ಎನ್‌ಟಿಎಸ್‌ಸಿಯಲ್ಲಿ, 720 x 480 ಅಳತೆಯಲ್ಲಿ ಮಾಡಿ.

ಪ್ರಶ್ನೆ: ಕೊಂಡ ಸಿನಿಮಾ ಡಿಸ್ಕನ್ನು ಕಾಪಿ ಮಾಡಿ ಸ್ನೇಹಿತರಿಗೆ ಕೊಡುವುದು ಹೇಗೆ? (ಓದುಗರೊಬ್ಬರು, ಬೇಲೂರು)

ಇದಕ್ಕೆ ದಾರಿ ಹೇಳುವುದಿಲ್ಲ. ಬೇರೆಯವರ ಹಕ್ಕು ಮೀರುವುದಕ್ಕಾಗಿ ಡಿಸ್ಕ್‌ನ ಬೀಗ ಒಡೆಯುವುದು ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿಯ ನಂತರ ಶಿಕ್ಷೆಗೆ ಒಳಗಾಗುವ ಅಪರಾಧ. ಡಿಸ್ಕನ್ನೇ ಸ್ನೇಹಿತರಿಗೆ ನೋಡಲು ಕೊಡಿ.

ಪ್ರಶ್ನೆ: ಮಕ್ಕಳ ನಾಮಕರಣದ ಡಿಸ್ಕ್‌ಗಳ ಮೇಲೆ ಮಳೆಗಾಲ ಮುಗಿಯುವಷ್ಟರಲ್ಲಿ ಬಿಳಿ ಚುಕ್ಕೆ ಬಂದಿದೆ. ಓಡುವುದಿಲ್ಲ. ಬೇರೆ ಪ್ರತಿ ಇಲ್ಲ. (ಓದುಗರೊಬ್ಬರು, ಶೃಂಗೇರಿ)

ಎಸೆಯಬೇಡಿ. ಅದು ಮೇಲ್ಮೈಯ ಬೂಸ್ಟು ಆಗಿರುವ ಸಾಧ್ಯತೆಯೇ ಜಾಸ್ತಿ. ಡಿ.ವಿ.ಡಿ.ಯಲ್ಲಿ ಬರವಣಿಗೆಯ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಭದ್ರವಾಗಿರುತ್ತದೆ. ಸಿ.ಡಿ.ಯಲ್ಲಿ ಅದು ಲೇಬಲ್‌ನ ಕೆಳಗೇ ಇರುತ್ತದೆ, ಹಾಗಾಗಿ ಸಿ.ಡಿ.ಯ ಮೇಲ್ಭಾಗವನ್ನು ಉಜ್ಜಲೇಬಾರದು. ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಪಾತ್ರೆ ತೊಳೆಯುವ ದ್ರವ ಹಾಕಿ, ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಅದ್ದಿ, ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತಲೂ ತಿರುಗಿಸಿ ಒರೆಸಬೇಡಿ. ಸುತ್ತು ಗೀರು ಬಿದ್ದರೆ ಒಂದೇ ಸಾಲಿನ ಬರವಣಿಗೆ ಉದ್ದಕ್ಕೂ ಹೋಗುತ್ತದೆ, ಅಡ್ಡ ಗೀರನ್ನು ಪ್ಲೇಯರ್ ಸರಿಪಡಿಸಿಕೊಳ್ಳುತ್ತದೆ. ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಒಳಗಿನ ಬಣ್ಣದ ಪದರವೇ ಕೆಡುತ್ತದೆ.

ಆಮೇಲೆ ಪ್ಲೇಯರ್‌ಗೆ ಹಾಕಬೇಡಿ, ಕಂಪ್ಯೂಟರ್‌ನ ಡ್ರೈವ್‌ಗೆ ಹಾಕಿ. ಒಂದು ಡ್ರೈವ್ ಓದದಿದ್ದರೆ ಇನ್ನೊಂದು ಓದಬಹುದು, ಎರಡು ಮೂರು ಕಡೆ ಪ್ರಯತ್ನಿಸಿ. ಡಿಡಿರೆಸ್ಕ್ಯೂ ಅನ್ನುವ ಉಚಿತ ಪ್ರೋಗ್ರಾಂ ಓದಲಾಗದ ಜಾಗವನ್ನು ಬಿಟ್ಟು ಮುಂದೆ ಹೋಗಿ, ಉಳಿದದ್ದನ್ನೆಲ್ಲ ತೆಗೆದು, ಕೊನೆಗೆ ಆ ಬಿಟ್ಟ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಅದು ಬರೆದಿಟ್ಟ ಕಡತಗಳನ್ನು ಇಟ್ಟುಕೊಂಡು ಬೇರೆ ಡ್ರೈವ್‌ನಲ್ಲಿ ಮುಂದುವರಿಸಲೂಬಹುದು, ಒಂದು ಓದದ್ದನ್ನು ಇನ್ನೊಂದು ತುಂಬಿಕೊಡುತ್ತದೆ. ಇದಕ್ಕೆ ಒಂದು ರಾತ್ರಿ ಬೇಕಾದರೂ ಬಿಡಿ.

ಸಿಕ್ಕಿದ್ದನ್ನು ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಿಗೆ ಹಾಕಿ, ಒಂದನ್ನು ಬಯಲುಸೀಮೆಯಲ್ಲಿರುವ ನೆಂಟರ ಮನೆಯಲ್ಲಿ ಇಡಲು ಸಾಧ್ಯವಾದರೆ ಇನ್ನೂ ಒಳ್ಳೆಯದು. ಹೊಸದಾಗಿ ಮಾಡುವ ಡಿಸ್ಕನ್ನು ಕಾಗದದ ಕವರ್‌ನಲ್ಲಿ ಇಡಬೇಡಿ, ಕಾಗದ ತೇವ ಹಿಡಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಕೇಸಿನಲ್ಲಿ ನೆಟ್ಟಗೆ ನಿಲ್ಲಿಸಿ. ಮುಚ್ಚಳ ಗಟ್ಟಿಯಾಗಿ ಕೂರುವ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ಹೊಸ ಚಪ್ಪಲಿಯ ಡಬ್ಬಿಯಲ್ಲಿ ಸಿಗುವುದೇ ಸಾಕು, ಆದರೆ ಮಳೆಗಾಲಕ್ಕೆ ಮೊದಲು ಬದಲಾಯಿಸಿ. ಹೆಸರು, ತಾರೀಖನ್ನು ಬಾಲ್ ಪೆನ್ನಿನಲ್ಲಿ ಬರೆಯದೆ ಮೆತ್ತನೆ ತುದಿಯ ಮಾರ್ಕರ್‌ನಲ್ಲಿ ಬರೆಯಿರಿ.